ಹಗಲು ವಿಎಂ, ರಾತ್ರಿ ಗೇಮು: ಮಡಿಕೇರಿ ಮನೆಯ ಒಂದೇ ಕಂಪ್ಯೂಟರ್

ನನ್ನ ಕೆಲಸಕ್ಕೆ ದಿನವಿಡೀ ಒಂದಷ್ಟು ವರ್ಚುವಲ್ ಮಷೀನ್ (ವಿಎಂ, ಅಂದರೆ ಒಂದು ಕಂಪ್ಯೂಟರ್ ಒಳಗೆ ತಂತ್ರಾಂಶದಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಓಡುತ್ತಿರಬೇಕು. ಕುಬರ್ನೆಟೀಸ್‌ಗೆ (ಹಲವು ಮಷೀನ್‌ಗಳ ಮೇಲೆ ತಂತ್ರಾಂಶಗಳನ್ನು ಹಂಚಿ ಓಡಿಸುವ ವ್ಯವಸ್ಥೆ) ಮೂರು, ಡೇಟಾಬೇಸ್‌ಗೆ ಒಂದು. ಸಂಜೆಯಾದರೆ ನನಗೂ ಅಕ್ಕನ ಮಗನಿಗೂ ಗೇಮ್ ಬೇಕು. ಎರಡು ಕಂಪ್ಯೂಟರ್ ಇಡಬಹುದಿತ್ತು. ಆದರೆ ನಮ್ಮ ಮನೆ ಮಡಿಕೇರಿ ಪೇಟೆಯ ಹೊರಗೆ, ಕರೆಂಟ್ ಲೈನ್ ಬರುವುದೇ ತೋಟದ ಮರಗಳ ನಡುವೆ. ಎರಡು ಕಂಪ್ಯೂಟರ್ ಅಂದರೆ ಎರಡು ಒಳ್ಳೆ ಯುಪಿಎಸ್. ಒಂದೇ ಡಬ್ಬ ಸಾಕು ಅಂದುಕೊಂಡೆ.

ಒಂದೇ ಡಬ್ಬದಲ್ಲಿ ಗೇಮ್‌ಗೂ ವಿಎಂಗೂ ಜಗಳ ಬರುವುದು ಮೂರು ವಿಷಯಕ್ಕೆ: ರ‍್ಯಾಮ್, ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ), ಗ್ರಾಫಿಕ್ಸ್ ಕಾರ್ಡ್. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ ಯಾರಿಗೆ ಎಷ್ಟು ಅಂತ ಮೊದಲೇ ಬರೆದುಕೊಳ್ಳಬೇಕು, ಆಮೇಲೆ ಅಂಗಡಿ. ಜಾಸ್ತಿ ಜನ ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಶುರು ಮಾಡುತ್ತಾರೆ. ನಾನು ಶುರು ಮಾಡಿದ್ದು ರ‍್ಯಾಮ್‌ನಿಂದ. ಕೋರ್ ಕಡಿಮೆ ಬಿದ್ದರೆ ಕೆಲಸ ನಿಧಾನ ಆಗುತ್ತದೆ, ಅಷ್ಟೇ. ರ‍್ಯಾಮ್ ಕಡಿಮೆ ಬಿದ್ದರೆ ವಿಎಂ ಏಳುವುದೇ ಇಲ್ಲ.

ಗೇಮ್ ಆಡುವ ವಿಂಡೋಸ್ ವಿಎಂಗೆ 16 ಜಿಬಿ, ಕುಬರ್ನೆಟೀಸ್ ಮೂರಕ್ಕೆ ತಲಾ 8, ಡೇಟಾಬೇಸ್‌ಗೆ 8, ಇವನ್ನೆಲ್ಲ ಹೊತ್ತು ಓಡಿಸುವ ಮೂಲ ಲಿನಕ್ಸ್‌ಗೆ 8. ಒಟ್ಟು 56. ಹಾಗಾಗಿ 64 ಜಿಬಿ ತೆಗೆದುಕೊಂಡೆ. ಅದನ್ನೂ 32ರ ಎರಡು ಕಡ್ಡಿಯಾಗಿ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಬೋರ್ಡ್‌ಗಳಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಡಿಡಿಆರ್5 ಮೆಮೊರಿಯ ವೇಗ ತುಂಬಾ ಇಳಿಯುತ್ತದೆ. ರೈಜನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಕಂಪನಿಯೇ ಕೊಟ್ಟ ವೇಗದ ಲೆಕ್ಕ: ಎರಡು ಕಡ್ಡಿಗೆ 5200 ಎಂಟಿ/ಎಸ್ (ಸೆಕೆಂಡಿಗೆ ಇಷ್ಟು ದಶಲಕ್ಷ ಸಲ ಡೇಟಾ ಸಾಗಣೆ), ನಾಲ್ಕಕ್ಕೆ 3600. "ಈಗ 16ರ ಎರಡು ಹಾಕಿ, ಮುಂದೆ ಬೇಕಾದ್ರೆ ಇನ್ನೆರಡು ಸೇರಿಸಿ" ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಇನ್ನೊಂದು ಮಾತು. ಈ ಬೋರ್ಡ್ ಮೊದಲ ಸಲ ಆನ್ ಆದಾಗ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಾ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಚಿತ್ರ ಬರುವುದಿಲ್ಲ. ಹೆದರಿ ಸ್ವಿಚ್ ಆಫ್ ಮಾಡಬೇಡಿ, ಹೋಗಿ ಒಂದು ಕಾಫಿ ಕುಡಿದು ಬನ್ನಿ.

ಪ್ರೊಸೆಸರ್ ರೈಜನ್ 9 7900. 12 ಕೋರ್, 24 ಥ್ರೆಡ್ (ಒಂದು ಕೋರ್ ಒಟ್ಟಿಗೇ ಎರಡು ಕೆಲಸದ ಸಾಲು ನಡೆಸುತ್ತದೆ), ಆದರೂ 65 ವ್ಯಾಟ್ ವರ್ಗದ್ದು. ಹೆಸರಿನ ಕೊನೆಗೆ ಎಕ್ಸ್ ಇರುವ ಅಣ್ಣ 170 ವ್ಯಾಟ್. ಯುಪಿಎಸ್ ಮೇಲೆ ಬದುಕುವ ಮನೆಗೆ ಈ ವ್ಯತ್ಯಾಸ ದೊಡ್ಡದು. ಇದರ ಒಳಗೇ ಸಣ್ಣದೊಂದು ಗ್ರಾಫಿಕ್ಸ್ ಕೂಡ ಇದೆ, ಅದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಈ ಚಿಪ್‌ನ 12 ಕೋರ್ ಒಂದೇ ತುಂಡಿನಲ್ಲಿ ಇಲ್ಲ. ಆರಾರು ಕೋರ್‌ನ ಎರಡು ತುಂಡು, ಪ್ರತಿಯೊಂದಕ್ಕೂ ತನ್ನದೇ 32 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ಸಣ್ಣ, ಬಲು ವೇಗದ ಮೆಮೊರಿ). ಒಂದು ತುಂಡಿನ ಕೋರ್‌ಗೆ ಇನ್ನೊಂದರ ಕ್ಯಾಶ್‌ನಿಂದ ಏನಾದರೂ ಬೇಕಾದರೆ ತಡವಾಗುತ್ತದೆ. ಶುರುವಿನಲ್ಲಿ ವಿಂಡೋಸ್ ವಿಎಂಗೆ ಸುಮ್ನೆ 12 ಥ್ರೆಡ್ ಅಂತ ಕೊಟ್ಟು ನೋಡಿದೆ. ಹುಡುಗ ಒಂದು ರೌಂಡ್ ಆಡಿ, "ಮಾವ, ಎಫ್‌ಪಿಎಸ್ ಜಾಸ್ತಿನೇ ತೋರಿಸ್ತಿದೆ, ಆದ್ರೆ ನಡುನಡುವೆ ತಡವರಿಸ್ತಿದೆ" ಅಂದ. ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅಂತ. ಲಿನಕ್ಸ್ ಆ ಥ್ರೆಡ್‌ಗಳನ್ನು ಎರಡೂ ತುಂಡಿನ ಮೇಲೆ ಓಡಾಡಿಸುತ್ತಿತ್ತು. ಆಮೇಲೆ ಒಂದು ತುಂಡನ್ನು ಪೂರ್ತಿ ಗೇಮ್‌ಗೆ ಕಟ್ಟಿಹಾಕಿದೆ. ನನ್ನ ಮಷೀನ್‌ನಲ್ಲಿ ಅದು 6ರಿಂದ 11, ಮತ್ತು ಅವುಗಳ ಜೋಡಿ ಥ್ರೆಡ್ 18ರಿಂದ 23. ನಿಮ್ಮದರಲ್ಲಿ ಯಾವುದು ಯಾವುದರ ಜೋಡಿ ಅಂತ ಲಿನಕ್ಸ್‌ನ 'ಎಲ್ಎಸ್‌ಸಿಪಿಯು -ಇ' (lscpu -e) ಆಜ್ಞೆ ತೋರಿಸುತ್ತದೆ. ಉಳಿದ ಎಲ್ಲ ವಿಎಂಗಳೂ ಮೂಲ ಲಿನಕ್ಸೂ ಇನ್ನೊಂದು ತುಂಡಿನಲ್ಲಿ. ತಡವರಿಕೆ ನಿಂತಿತು. ಈಗ ಆ ಕಡೆ ಡೇಟಾಬೇಸ್ ಬ್ಯಾಕಪ್ ನಡೆಯುತ್ತಿದ್ದರೂ ಈ ಕಡೆ ಆಡುವವನಿಗೆ ಗೊತ್ತಾಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡನ್ನು ಪಾಲು ಮಾಡಲು ಬರುವುದಿಲ್ಲ. ಮನೆ ಬಳಕೆಯ ಕಾರ್ಡ್ ಪೂರ್ತಿಯಾಗಿ ಒಬ್ಬರಿಗೇ ಸೇರಬೇಕು. ನನ್ನದು ಆರ್‌ಟಿಎಕ್ಸ್ 4070, 200 ವ್ಯಾಟ್, 12 ಜಿಬಿ. ಅದನ್ನು ಲಿನಕ್ಸ್ ಮುಟ್ಟದ ಹಾಗೆ ಬದಿಗಿಟ್ಟು ನೇರವಾಗಿ ವಿಂಡೋಸ್ ವಿಎಂಗೆ ಕೊಡಬೇಕು. ಪಾಸ್‌ಥ್ರೂ ಅನ್ನುತ್ತಾರಲ್ವಾ, ಅದೇ. 2021ಕ್ಕೆ ಮೊದಲು ಎನ್‌ವಿಡಿಯಾ ಡ್ರೈವರ್ ತಾನು ವಿಎಂ ಒಳಗಿದ್ದೇನೆ ಅಂತ ಗೊತ್ತಾದ ಕೂಡಲೇ 'ಕೋಡ್ 43' ಅಂತ ತಪ್ಪು ತೋರಿಸಿ ಕೈ ಎತ್ತುತ್ತಿತ್ತು. ಆ ವರ್ಷ ಬಂದ 465ನೇ ಡ್ರೈವರ್‌ನಿಂದ ಕಂಪನಿಯೇ ಅವಕಾಶ ಕೊಟ್ಟಿದೆ. ಹಳೇ ಲೇಖನ ಓದಿ ವಿಎಂ ಅನ್ನುವುದನ್ನು ಡ್ರೈವರ್‌ನಿಂದ ಮರೆಮಾಚುವ ಉಪಾಯ ಹುಡುಕುತ್ತಾ ಕೂರಬೇಕಿಲ್ಲ.

ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಸ್‌ವಿಎಂ ಆನ್, ಐಒಎಂಎಂಯು ಆನ್. ಮೊದಲನೆಯದು ವಿಎಂ ಓಡಿಸಲು, ಎರಡನೆಯದು ಕಾರ್ಡಿನಂಥ ಸಾಧನವನ್ನು ನೇರವಾಗಿ ವಿಎಂಗೆ ಕೊಡಲು. ಮೂರನೆಯದನ್ನು ಯಾರೂ ಒತ್ತಿ ಹೇಳುವುದಿಲ್ಲ: ಮೊದಲ ಡಿಸ್‌ಪ್ಲೇ ಅಂತ ಇರುವ ಕಡೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ಆರಿಸಿ. ಇಲ್ಲವಾದರೆ ಬೂಟ್ ಆಗುವಾಗಲೇ ಲಿನಕ್ಸ್ ದೊಡ್ಡ ಕಾರ್ಡನ್ನು ಹಿಡಿದುಕೊಂಡು ಬಿಡುತ್ತದೆ. ಒಳಗಿನ ಗ್ರಾಫಿಕ್ಸ್ ಲಿನಕ್ಸ್‌ಗೆ, ದೊಡ್ಡ ಕಾರ್ಡ್ ವಿಂಡೋಸ್‌ಗೆ. ಮಾನಿಟರ್‌ಗೆ ಎರಡರಿಂದಲೂ ಒಂದೊಂದು ಕೇಬಲ್. ಕಾರ್ಡ್ ಕೊಡುವಾಗ ಅದರ ಜೊತೆಗಿರುವ ಆಡಿಯೋ ಭಾಗವನ್ನೂ ಕೊಡಬೇಕು. ಲಿನಕ್ಸ್ ತೋರಿಸುವ ವಿಳಾಸದಲ್ಲಿ, ನನ್ನಲ್ಲಿ 01:00.0 ಚಿತ್ರಕ್ಕೆ, 01:00.1 ಶಬ್ದಕ್ಕೆ.

ಬೋರ್ಡ್ ಕೊಳ್ಳುವ ಮೊದಲು ಅದರ ಐಒಎಂಎಂಯು ಗುಂಪುಗಳನ್ನು ವಿಚಾರಿಸಿ. ಒಂದು ಗುಂಪಿನಲ್ಲಿ ಇರುವುದನ್ನೆಲ್ಲ ಒಟ್ಟಿಗೇ ವಿಎಂಗೆ ಕೊಡಬೇಕಾಗುತ್ತದೆ. ಪ್ರೊಸೆಸರ್‌ಗೆ ನೇರವಾಗಿ ಸೇರುವ ಮೇಲಿನ ಸ್ಲಾಟ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಚಿಪ್‌ಸೆಟ್ ಮೂಲಕ ಬರುವ ಕೆಳಗಿನ ಸ್ಲಾಟ್, ನೆಟ್‌ವರ್ಕ್, ಯುಎಸ್‌ಬಿ ಎಲ್ಲ ಒಂದೇ ಗುಂಪಿನಲ್ಲಿ ಸಿಕ್ಕಿಹಾಕಿಕೊಂಡಿರುವುದು ಮಾಮೂಲು.

ಕೆಲವು ಆನ್‌ಲೈನ್ ಗೇಮ್‌ಗಳು ವಿಎಂ ಒಳಗೆ ಏನು ಮಾಡಿದರೂ ಓಡುವುದಿಲ್ಲ. ವ್ಯಾಲೊರಂಟ್ ಅಂಥದ್ದು, ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ತಂತ್ರಾಂಶ ಬಿಡುವುದಿಲ್ಲ. ಹುಡುಗನಿಗೆ ಬೇಕಾದದ್ದೂ ಅದೇ! ಅದಕ್ಕಾಗಿ ವಿಂಡೋಸನ್ನು ಫೈಲ್ ಆಗಿ ಇಡದೆ ಒಂದು ಎನ್‌ವಿಎಂಇ ಡಿಸ್ಕನ್ನೇ (ಬೋರ್ಡಿಗೆ ನೇರ ಕೂರುವ ವೇಗದ ಎಸ್‌ಎಸ್‌ಡಿ) ಅದಕ್ಕೆ ಬಿಟ್ಟುಕೊಟ್ಟಿದ್ದೇನೆ. ವಾರದ ದಿನ ಅದೇ ಡಿಸ್ಕ್ ವಿಎಂ ಆಗಿ ಓಡುತ್ತದೆ. ಭಾನುವಾರ ಬೂಟ್ ಮೆನುವಿನಲ್ಲಿ ಅದನ್ನೇ ಆರಿಸಿದರೆ ಅದೇ ವಿಂಡೋಸ್ ನೇರವಾಗಿ ಏಳುತ್ತದೆ. ಆಗ ನನ್ನ ವಿಎಂಗಳಿಗೂ ರಜೆ.

ಇನ್ನು ಕರೆಂಟ್. ಫೆಬ್ರವರಿ–ಮಾರ್ಚ್‌ನಲ್ಲಿ ತೋಟಗಳಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಶುರುವಾದರೆ ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ. 100ರಿಂದ 240 ವೋಲ್ಟ್ ತನಕ ತಡೆಯುವ ಪವರ್ ಸಪ್ಲೈ ಇದ್ದರೆ ಅದಕ್ಕೆ ಚಿಂತೆ ಇಲ್ಲ. ತೊಂದರೆ ಕೊಡುವುದು ಮಳೆಗಾಲದ ಕಣ್ಣು ಮಿಟುಕು. ಕೊಂಬೆ ಲೈನಿಗೆ ತಾಗಿ ಕ್ಷಣ ಹೊತ್ತು ಕರೆಂಟ್ ಹೋಗಿ ಬರುತ್ತದೆ, ಬಲ್ಬ್ ಒಂದು ಸಲ ಮಿನುಗಿ ಸುಮ್ಮನಾಗುತ್ತದೆ. ಕಂಪ್ಯೂಟರ್‌ನ ಪವರ್ ಸಪ್ಲೈ ಪೂರ್ತಿ ಲೋಡ್‌ನಲ್ಲಿ ತಡೆಯುವುದು 15 ಮಿಲಿಸೆಕೆಂಡ್ ಆಸುಪಾಸು. ಮನೆಯ ಇನ್ವರ್ಟರ್ ಅಷ್ಟರೊಳಗೆ ಬದಲಾಗುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ. ಅದಕ್ಕೇ 1 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿದೆ. ಇದರಲ್ಲಿ ಬದಲಾವಣೆಯ ಹೊತ್ತೇ ಇಲ್ಲ, ಯಾವಾಗಲೂ ಇನ್ವರ್ಟರ್‌ನಿಂದಲೇ ಓಡುತ್ತದೆ. ಕಾರ್ಡಿನ ದುಡ್ಡಿನಲ್ಲಿ ಒಂದು ಮೆಟ್ಟಿಲು ಇಳಿದು ಇದಕ್ಕೆ ಹಾಕಿದ್ದೇನೆ.

ಅರ್ಥಿಂಗನ್ನೂ ನೋಡಿಸಿ. ಏಪ್ರಿಲ್–ಮೇ ಸಿಡಿಲಿನ ಕಾಲ, ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುವುದೂ ಅದಕ್ಕೆ ಮೊದಲ ತಿಂಗಳುಗಳಲ್ಲೇ. ನಾನು ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹೊಯ್ಯುತ್ತೇನೆ. ದೊಡ್ಡ ಗುಡುಗು ಬರುವ ಸೂಚನೆ ಕಂಡರೆ ಮಾತ್ರ ಯಾವ ಧೈರ್ಯವೂ ಬೇಡ, ಅದು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತುಬಿಡಬೇಕು.

ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಬರುವ ಊರು ನಮ್ಮದು. ಕಂಪ್ಯೂಟರ್ ಹಾಳಾಗುವುದಿಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಓಡುತ್ತಿರುವ ಕಂಪ್ಯೂಟರ್ ಕೋಣೆಯ ಗಾಳಿಗಿಂತ ಬೆಚ್ಚಗಿರುತ್ತದೆ, ಅದರ ಮೇಲೆ ನೀರಿನ ಪಸೆ ಕೂರುವುದಿಲ್ಲ. ವಾರಗಟ್ಟಲೆ ಆಫ್ ಮಾಡಿ ಮೂಲೆಯಲ್ಲಿ ಇಟ್ಟದ್ದಕ್ಕೇ ಅಪಾಯ. ಕೆಲಸದ ವಿಎಂಗಳಿಂದಾಗಿ ನನ್ನದು ಹೆಚ್ಚುಕಡಿಮೆ ಯಾವಾಗಲೂ ಆನ್, ಆ ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಗಾಳಿ ತಣ್ಣಗಿರುವ ಕಾರಣ ಪ್ರೊಸೆಸರ್ ಜೊತೆ ಡಬ್ಬದಲ್ಲೇ ಬಂದ ಕೂಲರ್ ಸಾಕಾಗಿದೆ.

ಕೊನೆಗೆ ಯುಪಿಎಸ್‌ನ ಯುಎಸ್‌ಬಿ ಕೇಬಲ್ ಜೋಡಿಸಿ, ನಟ್ ಅನ್ನುವ ಲಿನಕ್ಸ್ ತಂತ್ರಾಂಶದಲ್ಲಿ ಮುಚ್ಚುವ ಕ್ರಮ ಬರೆದಿಟ್ಟೆ. ಕೆಲಸದ ವಿಎಂಗಳನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಉಳಿಸಿ ಮಲಗಿಸಬಹುದು. ಕಾರ್ಡ್ ಕೊಟ್ಟ ವಿಂಡೋಸ್ ವಿಎಂಗೆ ಆ ಸೌಲಭ್ಯ ಇಲ್ಲ, ಅದನ್ನು ಶಟ್‌ಡೌನ್ ಮಾಡಲೇಬೇಕು. ಹಾಗಾಗಿ ಕರೆಂಟ್ ಹೋದರೆ ಮೊದಲು ಮುಚ್ಚುವುದು ಗೇಮ್. 200 ವ್ಯಾಟ್ ಎಳೆಯುವುದೂ ಅದೇ ತಾನೆ. ಈ ಕ್ರಮದ ಬಗ್ಗೆ ಅಕ್ಕನ ಮಗನ ತಕರಾರು ಇನ್ನೂ ಮುಗಿದಿಲ್ಲ.