ಸಕ್ಕರೆ ಕೊಡದ ಕಾಫಿ ಅಂಗಡಿಗೆ ಹೋಗುವ ಮುಂಚೆ

ಹಾಲು, ಸಕ್ಕರೆ, ಚಿಕೋರಿ ಏನೂ ಬೆರೆಸದ ಕಾಫಿ ಅಂಗಡಿಗೆ ಮನೆಯ ಹಿರಿಯರನ್ನು ಕರ್ಕೊಂಡು ಹೋಗುವವರಿಗೆ ಒಂದು ಮಾತು. ಶಿವಮೊಗ್ಗದ ನಮಗೆ ಕಾಫಿ ಅಂದ್ರೆ ಡಿಕಾಕ್ಷನ್, ಗಟ್ಟಿ ಹಾಲು. ಅದನ್ನೇ ನಿರೀಕ್ಷಿಸಿ ಕೂತರೆ ಬೇಜಾರಾಗುತ್ತದೆ.

ಆರ್ಡರ್ ಮಾಡುವ ಮುಂಚೆ, ‘ನಾವು ಮನೇಲಿ ಫಿಲ್ಟರ್ ಕಾಫಿ ಕುಡಿಯೋರು, ಹುಳಿ ಕಮ್ಮಿ ಇರೋದು ಕೊಡಿ’ ಅಂತ ಹೇಳಿ. ಅರೇಬಿಕಾ ಅನ್ನೋ ಬಗೆಯ ಕಾಫಿ ಬೀಜವನ್ನು ಕಡಿಮೆ ಹುರಿದರೆ ಹುಳಿ ಎದ್ದು ಕಾಣುತ್ತದೆ. ಸ್ವಲ್ಪ ಜಾಸ್ತಿ ಹುರಿದದ್ದು ನಮ್ಮ ನಾಲಿಗೆಗೆ ಹತ್ತಿರ. ಬಾಬಾಬುಡನ್‌ಗಿರಿ ಅರೇಬಿಕಾ ಇದ್ದರೆ ಖಂಡಿತ ಕೇಳಿ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಆ ಜಾಗದ್ದೇ ವಿಶೇಷ ಬೆಳೆ ಅನ್ನೋ ಅಧಿಕೃತ ಗುರುತು) ಸಿಕ್ಕಿದೆ, ನಮ್ಮ ಪಕ್ಕದ ಬೆಟ್ಟದ್ದೇ ಅಲ್ವಾ!

ಪೋರ್ ಓವರ್ (ಪುಡಿ ಮೇಲೆ ಬಿಸಿನೀರು ಸುರಿದು ಸೋಸುವ ಕಾಫಿ) ಆದರೆ ಮೂರ್ನಾಲ್ಕು ನಿಮಿಷ ಕಾಯಬೇಕು. 15 ಗ್ರಾಂ ಪುಡಿಗೆ ಸುಮಾರು 240 ಎಂಎಲ್ ಬಿಸಿನೀರನ್ನು ನಿಧಾನವಾಗಿ, ಸುತ್ತು ಸುತ್ತಾಗಿ ಸುರಿಯುತ್ತಾರೆ. ಹೊಸದಾಗಿ ಹುರಿದ ಪುಡಿಯಾದರೆ ಉಬ್ಬಿ ಗುಳ್ಳೆ ಏಳುತ್ತದೆ. ಹತ್ತಿರ ನಿಂತು ನೋಡಿ, ಘಮ ಅಲ್ಲೇ ಸಿಗುತ್ತದೆ. ಲೋಟ ಕೈಗೆ ಬಂದ ಕೂಡಲೇ ಕುಡಿಯಬೇಡಿ. ಸ್ವಲ್ಪ ಆರಿದ ಮೇಲೆ ಸಿಹಿ ಗೊತ್ತಾಗುತ್ತದೆ.

ಸಕ್ಕರೆ ಇಲ್ಲ ಅಂದರೆ ಜಗಳ ಬೇಡ. ಹಾಲು ಬೇಕೇ ಬೇಕು ಅನ್ನುವವರಿದ್ದರೆ ಕ್ಯಾಪುಚಿನೋ ಇದೆಯಾ ಅಂತ ಮೊದಲೇ ಕೇಳಿ. ರುಚಿ ಹಿಡಿಸದಿದ್ದರೆ ಸುಮ್ನೆ ಎದ್ದು ಬರಬೇಡಿ. ಏನು ಸರಿಯಿಲ್ಲ ಅಂತ ಹೇಳಿದರೆ ಮುಂದಿನ ಸಲ ಬೇರೆ ಬೀಜ ಆರಿಸಿ ಕೊಡಬಹುದು.