ಪ್ರಿಂಟ್‌ನಲ್ಲಿ ಸ್ಟಾಫ್ ಗೆರೆ ದಪ್ಪ-ತೆಳು: ಸರಿಯಾದದ್ದು ಹೀಗೆ

ಮ್ಯೂಸ್‌ಸ್ಕೋರ್ ಎಂಬ ಸಂಗೀತ ಬರೆಯುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ನೊಟೇಶನ್ ಪರದೆ ಮೇಲೆ ಚೊಕ್ಕಟ. ದಾವಣಗೆರೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಸ್ಟಾಫ್‌ನ (ಸ್ವರಗಳನ್ನು ಕೂರಿಸುವ ಅಡ್ಡಗೆರೆಗಳ ಗುಂಪು) ಐದು ಗೆರೆಯಲ್ಲಿ ಒಂದೆರಡು ದಪ್ಪ, ಉಳಿದವು ತೆಳು.

ಮೊದಲು ಸ್ಕೇಲ್ ಇಟ್ಟು ಅಳೆಯಿರಿ. ಸ್ಟಾಫ್ ಸ್ಪೇಸ್ (ಎರಡು ಗೆರೆಗಳ ನಡುವಿನ ಅಂತರ) 1.75 ಮಿ.ಮೀ. ಇದ್ದರೆ ಮೇಲಿನ ಗೆರೆಯಿಂದ ಕೆಳಗಿನದಕ್ಕೆ 7 ಮಿ.ಮೀ. ಬರಬೇಕು, ಬಂದದ್ದು 6.5. ಫೈಲ್ ಲೆಟರ್ ಅಳತೆಯದು (216×279 ಮಿ.ಮೀ.), ಟ್ರೇಯಲ್ಲಿ ಎ4 (210×297), ಮೇಲೆ ಹಾಳೆಗೆ ತಕ್ಕಂತೆ ಕುಗ್ಗಿಸುವ ‘ಫಿಟ್’ ಬೇರೆ. ಪೇಜ್ ಸೆಟ್ಟಿಂಗ್ಸ್‌ನಲ್ಲಿ ಎ4 ಮಾಡಿ, ಪಿಡಿಎಫ್ ತೆಗೆದು, ‘ಆ್ಯಕ್ಚುವಲ್ ಸೈಜ್’ ಕೊಟ್ಟ ಮೇಲೆ 7 ಬಂತು.

ದಪ್ಪ-ತೆಳುವಿಗೆ ಮುಖ್ಯ ಕಾರಣ ರೆಸಲ್ಯೂಶನ್. ಸುಮಾರು 0.19 ಮಿ.ಮೀ. ಗೆರೆಗೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಎರಡೂ ಚಿಲ್ಲರೆ ಚುಕ್ಕೆ. ಒಂದು ಗೆರೆಗೆ ಎರಡು ಬಿದ್ದರೆ ಇನ್ನೊಂದಕ್ಕೆ ಮೂರು. 600 ಇಟ್ಟು, ಟೋನರ್ ಸೇವ್ ತೆಗೆಸಿ.

ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ಒಂದನ್ನೇ ಒಯ್ಯಬೇಡಿ, ಪಿಡಿಎಫ್ ಜೊತೆಗಿರಲಿ. ಹಾಡಿನ ಸಾಹಿತ್ಯದ ಕನ್ನಡ ಫಾಂಟ್ ಅಲ್ಲಿಲ್ಲದಿದ್ದರೆ ಅಕ್ಷರದ ಅಗಲ ಬದಲಾಗಿ ಸಾಲುಗಳೇ ಪಲ್ಲಟ.