ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕಂಪ್ಯೂಟರ್ ಪಾಠ: ನಾನು ಆರಿಸುವ ರೀತಿ

ನನ್ನ ಮಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದಲು, ಬರೆಯಲು ಕಷ್ಟವಾಗುವ ತೊಂದರೆ ಇದೆ. ಅವಳಿಗೆ 9 ವರ್ಷವಾದಾಗ ಮನೆಯಲ್ಲೇ ಪಾಠ ಶುರು ಮಾಡಿದೆ. ಮೊದಲು ತೆಗೆದುಕೊಂಡ ಕೋರ್ಸ್ ನೋಡಲು ಚೆಂದ, ಆದರೆ ಪ್ರತಿ ಪ್ರಶ್ನೆಗೂ ಟೈಮರ್. ಅದು ಓಡಲು ಶುರುವಾದರೆ ಅವಳು ಅಕ್ಷರ ನೋಡುವುದನ್ನೇ ಬಿಟ್ಟು, ಯಾವುದೋ ಒಂದು ಉತ್ತರ ಒತ್ತುತ್ತಿದ್ದಳು. ಈಗ ನಾನು ಮೊದಲು ಹುಡುಕುವುದೇ ಟೈಮರ್ ಆಫ್ ಮಾಡುವ ಬಟನ್!

ಓದು ಕಲಿಸುವ ಕೋರ್ಸ್ ಬೇರೆ, ಗಣಿತ, ವಿಜ್ಞಾನದ ಕೋರ್ಸ್ ಬೇರೆ. ಎರಡನ್ನೂ ಒಂದರಲ್ಲೇ ಹುಡುಕಬೇಡಿ. ಇಂಗ್ಲಿಷ್ ಓದಿಗೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿಯಿದೆ. 1930ರ ದಶಕದಲ್ಲಿ ಶುರುವಾದದ್ದು. ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ನೋಡಿ, ಕೇಳಿ, ಬರೆದು, ಒಂದೊಂದೇ ಮೆಟ್ಟಿಲಾಗಿ ಕಲಿಸುತ್ತದೆ. ಆದರೆ ಆ ಹೆಸರು ಹಾಕಿಕೊಂಡರೆ ಸಾಲದು ಅಲ್ವಾ? ಮೂರನೇ ಪಾಠ ತೆರೆದು ನೋಡಿ. ಗೊತ್ತಿಲ್ಲದ ಪದವನ್ನು ಚಿತ್ರ ನೋಡಿ ಊಹಿಸು ಅಂದರೆ, ಅಲ್ಲಿಗೇ ಮುಚ್ಚಿಬಿಡಿ.

ಉಳಿದ ವಿಷಯಗಳಲ್ಲಿ ಪ್ರಶ್ನೆಯನ್ನೂ ಉತ್ತರದ ಆಯ್ಕೆಗಳನ್ನೂ ಕಂಪ್ಯೂಟರೇ ಓದಿ ಹೇಳಬೇಕು. ಕೆಲವು ಕೋರ್ಸ್‌ಗಳು ಪಾಠ ಓದುತ್ತವೆ, ಪರೀಕ್ಷೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಮೌಸ್‌ನಿಂದ ಒಂದು ಪದ ಸೆಲೆಕ್ಟ್ ಮಾಡಿ. ಆಗದಿದ್ದರೆ ಅದು ಬರೀ ಚಿತ್ರವಿರಬಹುದು, ಬ್ರೌಸರ್‌ನ ಓದುವ ಟೂಲ್ ಕೂಡ ಕೈಕೊಡುತ್ತದೆ.

ಡಿಸ್ಲೆಕ್ಸಿಯಾಗೆಂದೇ ಮಾಡಿದ ವಿಶೇಷ ಫಾಂಟ್ (ಅಕ್ಷರದ ವಿನ್ಯಾಸ) ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅಕ್ಷರ ದೊಡ್ಡದು ಮಾಡಲು, ಸಾಲುಗಳ ನಡುವೆ ಜಾಗ ಬಿಡಲು ಆದರೆ ಸಾಕು.

ವಿಷಯಕ್ಕೊಂದು ತರಗತಿ ಆರಿಸಬಹುದೇ ಕೇಳಿ. ನಮ್ಮವಳು ಗಣಿತದಲ್ಲಿ 5ನೇ ತರಗತಿ, ಸ್ಪೆಲಿಂಗ್‌ನಲ್ಲಿ 2ನೇ ತರಗತಿ. ದುಡ್ಡು ಕಟ್ಟುವ ಮೊದಲು ಟ್ರಯಲ್‌ಗೆ ಮಗುವನ್ನೇ ಕೂರಿಸಿ, ನೀವು ಹಿಂದೆ ಸುಮ್ನೆ ಕೂತಿರಿ. 20 ನಿಮಿಷದಲ್ಲಿ ಎಷ್ಟು ಸಲ “ಅಮ್ಮಾ, ಇದೇನು?” ಅಂತ ತಿರುಗುತ್ತದೆ, ಎಣಿಸಿ.